ವಿಷಯ: ಗೋಡೆಯಾಚೆಯ ಮೀನುಗಳ ಕುರಿತು

ಆಗಸ್ಟ್ ೪

ವಿಷಯ: ಕಾಲೇಜಿಗೆ ಸೇರಿದ ಕುರಿತು.

ಮಾನ್ಯರೇ,

ಅಂದರೆ ಅಕ್ಕಾ. ನಗಬೇಡ. ನಮ್ಮ ಟೈಪಿಂಗ್ ಮೇಷ್ಟ್ರ ಕಟ್ಟಪ್ಪಣೆ ಇದು. ವಾರಕ್ಕೊಂದು ಪತ್ರವನ್ನು ಆಫೀಸಿನ ಪತ್ರದ ಹಾಗೇ ಟೈಪ್ ಮಾಡಬೇಕು: ಮೇಲೆ ತಾರೀಖು, ಕೆಳಗೆ ವಿಷಯ, ಆಮೇಲೆ ಮಾನ್ಯರೇ. ಯಾರಿಗೆ ಬರೆದರೂ ಸರಿ. ಅವರು ಓದುವುದಿಲ್ಲ, ಸ್ಕೇಲ್ ಇಟ್ಟು ಅಂಚು ಅಳೆಯುತ್ತಾರೆ ಅಷ್ಟೆ. ಫೋನಿನಲ್ಲಿ ಮಾತಾಡಿದರೆ ನಾವಿಬ್ಬರೂ ಮೂರನೇ ಮಾತಿಗೆ ಕಚ್ಚಾಡುತ್ತೇವೆ, ಇನ್ನು ಮೇಲೆ ಪತ್ರವೇ ವಾಸಿ ಎಂದು ನೀನೇ ಹೇಳಿದ್ದೆಯಲ್ಲ. ನಿನ್ನ ಮಾತೂ ಉಳಿಯಿತು, ನನ್ನ ಅಭ್ಯಾಸವೂ ಆಯಿತು.

ಆಫೀಸು ಕೆಲಸದ ಕೋರ್ಸಿಗೆ ಸೇರಿದ್ದೇನೆ. ಟೈಪಿಂಗ್, ಕಡತ ಜೋಡಿಸುವುದು, ಫೋನಿನಲ್ಲಿ ನಯವಾಗಿ ಮಾತಾಡುವುದು (ಇದರಲ್ಲಿ ನಾನು ಫೇಲು, ಬರೆದಿಟ್ಟುಕೋ). ಕಂಪ್ಯೂಟರ್ ಕೋಣೆಗೆ ಬಿಡುವ ಮೊದಲು ಹಳೇ ಕಬ್ಬಿಣದ ಯಂತ್ರಗಳ ಮೇಲೆ ಕುಟ್ಟಬೇಕು. ‘ಮೊದಲು ಬೆರಳಿಗೆ ಬುದ್ಧಿ ಬರ್ಲಿ’ ಎನ್ನುತ್ತಾರೆ ಮೇಷ್ಟ್ರು. ಡಿಸೆಂಬರಿಗೆ ಮುಗಿಯುತ್ತದೆ. ಜನವರಿಯಲ್ಲಿ ನಿನ್ನ ಪ್ಲೈವುಡ್ ಕಾರ್ಖಾನೆಯ ಆಫೀಸಿನಲ್ಲಿ ಒಂದು ಕುರ್ಚಿ ಖಾಲಿಯಾಗುತ್ತದೆ, ನಾನು ಬಂದು ಕೂರಬೇಕು ಎಂದೆ. ಯಾರ ಕುರ್ಚಿ ಎಂದು ಕೇಳಿದರೆ ಮಾತು ಹಾರಿಸಿದೆ. ಯಾರನ್ನೋ ಎಬ್ಬಿಸಿ ನನ್ನನ್ನು ಕೂರಿಸುವುದಾದರೆ ನಾನು ಬರುವುದಿಲ್ಲ. ಈಗಲೇ ಹೇಳಿದ್ದೇನೆ.

ಮೊದಲ ದಿನ ಮೇಷ್ಟ್ರು ಎಲ್ಲರನ್ನೂ ಶಾಲೆ ಯಾಕೆ ಬಿಟ್ಟಿರಿ ಎಂದು ಕೇಳಿದರು. ಕಾಯಿಲೆ, ಕಷ್ಟ, ಮನೆ ಕೆಲಸ ಎಂದು ಒಬ್ಬೊಬ್ಬರದು ಒಂದೊಂದು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಒಂಬತ್ತನೇ ತರಗತಿಯಲ್ಲಿ ಸೂಕ್ಷ್ಮದರ್ಶಕದಲ್ಲಿ ಈರುಳ್ಳಿ ಸಿಪ್ಪೆ ನೋಡಿ ಚಿತ್ರ ಬರೆಯಿರಿ ಎಂದರು. ನನಗೆ ಕಂಡದ್ದು ಒಂದು ಗಾಳಿಗುಳ್ಳೆ ಮತ್ತು ನನ್ನದೇ ರೆಪ್ಪೆಗೂದಲು. ಅದನ್ನೇ ಬರೆದೆ. ಪುಸ್ತಕದಲ್ಲಿ ಇರುವುದನ್ನು ನೋಡಿ ಬರಿ ಎಂದರು. ಪುಸ್ತಕ ನೋಡಿ ಬರೆಯುವುದಾದರೆ ಈ ಯಂತ್ರ ಯಾಕೆ ಎಂದೆ. ಹೊರಗೆ ನಿಲ್ಲು ಎಂದರು. ನಿಂತೆ. ಒಳಗೆ ಬಾ ಎಂದು ಯಾರೂ ಕರೆಯಲಿಲ್ಲ, ಮನೆಗೆ ಬಂದೆ. ಕ್ಲಾಸೆಲ್ಲ ನಕ್ಕಿತು. ಮೇಷ್ಟ್ರು ಮಾತ್ರ ನಗದೆ, ‘ಇಲ್ಲಿ ಹೊರಗೆ ನಿಲ್ಲಿಸಲ್ಲಮ್ಮ, ಇನ್ನೊಂದು ಪುಟ ಟೈಪ್ ಮಾಡಿಸ್ತೀನಿ’ ಎಂದರು.

ನಮ್ಮ ಟೈಪಿಂಗ್ ಹಾಲಿನ ಗೋಡೆಯಾಚೆ ಜೀವತಂತ್ರಜ್ಞಾನದವರ ಪ್ರಯೋಗಾಲಯ. ಅಲ್ಲಿನ ಮೇಡಂ ನಿನ್ನೆ ನಮ್ಮ ಕ್ಲಾಸಿಗೇ ನುಗ್ಗಿ, ‘ನಿಮ್ಮ ಟಕಟಕಕ್ಕೆ ನಮ್ಮ ಮೀನು ಮೊಟ್ಟೆ ಇಡ್ತಿಲ್ಲ, ಸ್ವಲ್ಪ ಮೆಲ್ಲಗೆ’ ಎಂದರು. ‘ಮೆಲ್ಲಗೆ ಟೈಪ್ ಮಾಡೋ ಯಂತ್ರ ಕೊಡಿಸಿ ಮೇಡಂ’ ಎಂದರು ಮೇಷ್ಟ್ರು. ನಾನು ಸುಮ್ಮನಿರಬೇಕಿತ್ತು. ‘ನಮ್ಮ ಸದ್ದಿಗೇ ಇಡ್ತಿಲ್ಲ ಅಂತ ಮೀನು ಹೇಳ್ತಾ?’ ಎಂದುಬಿಟ್ಟೆ. ಅವರು ನನ್ನನ್ನೇ ನೋಡಿದರು. ಬೈಯಲಿಲ್ಲ. ಅದೇ ವಿಚಿತ್ರ.

ರಜಕ್ಕೆ ಈ ಸಲವಾದರೂ ಬರುತ್ತೀಯಾ? ಹೋದ ಸಲ ಜ್ವರ, ಅದರ ಹಿಂದಿನ ಸಲವೂ ಜ್ವರ. ನಿಮ್ಮೂರಿನ ಜ್ವರ ನಮ್ಮ ಮನೆಯ ದಾರಿ ಕಾಯುತ್ತಾ ಕೂತಿರುತ್ತದೇನೋ.

ತಮ್ಮ ವಿಶ್ವಾಸಿ,
ಮೊಂಡಿ


ಆಗಸ್ಟ್ ೧೬

ಪ್ರೀತಿಯ ಮೊಂಡಿ,

ನಿನ್ನ ಪತ್ರದ ಎಡ ಅಂಚು ಸೊಟ್ಟ. ನಾನು ಹತ್ತು ವರ್ಷದಿಂದ ಪತ್ರ ವಿಭಾಗದಲ್ಲಿ ಕೂತವಳು, ನನ್ನ ಕಣ್ಣಿಗೆ ಸ್ಕೇಲ್ ಬೇಡ.

ಸೇರಿದ ವಾರದಲ್ಲೇ ಮೇಡಂ ಒಬ್ಬರಿಗೆ ಎದುರು ಮಾತಾಡಿದ್ದೀಯ. ನಿನಗೆ ಆ ಸೀಟು ಕೊಡಿಸುವುದಕ್ಕೆ ಎಷ್ಟು ಜನರ ಹತ್ತಿರ ಹಲ್ಲು ಗಿಂಜಿದ್ದೇನೆ ಅಂತ ನಿನಗೆ ಗೊತ್ತಿಲ್ಲ. ದಯವಿಟ್ಟು ಡಿಸೆಂಬರ್ ತನಕ ಬಾಯಿಗೆ ಬೀಗ ಹಾಕಿಕೊಂಡಿರು.

ಕುರ್ಚಿಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ. ಯಾರನ್ನೂ ಎಬ್ಬಿಸುತ್ತಿಲ್ಲ. ಕಿಟಕಿ ಪಕ್ಕದ ಕುರ್ಚಿ, ಗಾಳಿ ಬೆಳಕು ಚೆನ್ನಾಗಿದೆ. ಕೆಲವು ತಿಂಗಳ ಮಟ್ಟಿಗಾದರೂ ನಿನ್ನಂಥ ನಂಬಿಕೆಯವಳೇ ಅಲ್ಲಿ ಬೇಕು, ಅಷ್ಟೇ ಹೇಳಬಲ್ಲೆ.

ರಜಕ್ಕೆ ಆಗುವುದಿಲ್ಲ. ಜ್ವರ ಅಲ್ಲ. ಪ್ರಯಾಣ ಬೇಡ ಅಂತಿದ್ದಾರೆ ನಿನ್ನ ಭಾವ. ಆಫೀಸಿನಲ್ಲೂ ಕೆಲಸ ಜಾಸ್ತಿ.

ಅಕ್ಕ


ಆಗಸ್ಟ್ ೨೭

ವಿಷಯ: ತರಗತಿಗೆ ಗೈರುಹಾಜರಾದ ಕುರಿತು.

ಅಕ್ಕಾ,

ಇವತ್ತು ಚಿಕ್ಕ ಪತ್ರ. ಬೆಳಗಿನ ಕ್ಲಾಸಿಗೆ ಚಕ್ಕರ್ ಹೊಡೆದೆ. ಪಕ್ಕದ ಕೋಣೆಯಲ್ಲಿದ್ದೆ. ಕಣ್ಣು ಕೀಳಲು ಆಗಲೇ ಇಲ್ಲ. ಎದೆ ಹೊಡೆದುಕೊಂಡಿದ್ದು ಇನ್ನೂ ನಿಂತಿಲ್ಲ. ಹೀಗೂ ಇರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಹೇಗೆ ಬರೆಯಬೇಕೋ ತಿಳಿಯುತ್ತಿಲ್ಲ, ಸುಳ್ಳಾಗಿಬಿಡುತ್ತದೆ ಎಂದು ಭಯ. ನಾಳೆಯೂ ಹೋಗುತ್ತೇನೆ. ಅಮ್ಮನಿಗೆ ಸದ್ಯಕ್ಕೆ ಹೇಳಬೇಡ.

ಮೊಂಡಿ


ಸೆಪ್ಟೆಂಬರ್ ೨

ಮೊಂಡಿ,

ಯಾರು ಅವನು?

ಏನು ಓದುತ್ತಿದ್ದಾನೆ? ಮನೆಯವರು ಏನು ಮಾಡುತ್ತಾರೆ? ಕೋರ್ಸು ಶುರುವಾಗಿ ಈಗಷ್ಟೇ ಒಂದು ತಿಂಗಳು, ಆಗಲೇ ಪಕ್ಕದ ಕೋಣೆ, ಎದೆ ಹೊಡೆದುಕೊಳ್ಳುವುದು, ಅಮ್ಮನಿಗೆ ಹೇಳಬೇಡ! ನಿನ್ನ ಭಾವ ಪತ್ರ ಓದಿ, ‘ಹೋಗ್ಲಿ ಬಿಡೆ, ವಯಸ್ಸು’ ಎಂದರು. ಅವರಿಗೂ ಸೇರಿಸಿ ಬೈದಿದ್ದೇನೆ. ಕೂಡಲೇ ಬರಿ.

ಅಕ್ಕ


ಸೆಪ್ಟೆಂಬರ್ ೧೦

ವಿಷಯ: ಅವನು ಯಾರು ಎಂಬ ಕುರಿತು.
ಉಲ್ಲೇಖ: ತಮ್ಮ ಬೈಗುಳ.

ಅಕ್ಕಾ,

ನಿನ್ನ ಪತ್ರವನ್ನು ಊಟದ ಹೊತ್ತಿನಲ್ಲಿ ಓದಿ ನಕ್ಕು ನಕ್ಕು ನೀರು ಮೂಗಿಗೆ ಹತ್ತಿತು. ಅವನು ಸಾಸಿವೆ ಕಾಳಿಗಿಂತ ದಪ್ಪಗಿಲ್ಲ. ಗಾಜಿನ ಹಾಗೆ ಪಾರದರ್ಶಕ. ಮನೆಯವರು ಪಟ್ಟೆ ಪಟ್ಟೆ ಇರುವ, ಕಿರುಬೆರಳಿನಷ್ಟೂ ಉದ್ದವಿಲ್ಲದ ಮೀನುಗಳು. ಅವನು ಒಂದು ಮೊಟ್ಟೆ.

ಮೊದಲಿನಿಂದ ಹೇಳುತ್ತೇನೆ. ಆ ಮೀನಿನ ಮೇಡಂ ಮತ್ತೆ ಬಂದರು. ಎರಡು ದಿನ ಟೈಪಿಂಗ್ ನಿಲ್ಲಿಸಿ ನೋಡೋಣ ಎಂದು ಕೇಳಿಕೊಂಡರು. ಮೇಷ್ಟ್ರು ಮುಖ ಗಂಟು ಹಾಕಿಕೊಂಡೇ ಒಪ್ಪಿದರು. ನಾವು ಕಡತಕ್ಕೆ ದಾರ ಕಟ್ಟುತ್ತಾ ಕೂತೆವು. ಮೀನು ಒಂದು ಮೊಟ್ಟೆಯನ್ನೂ ಇಡಲಿಲ್ಲ. ‘ಅವತ್ತು ಕೇಳಿದವಳು ನೀನೇ ಅಲ್ವಾ, ಬಂದು ನೋಡು ಬಾ’ ಎಂದು ಮೇಡಂ ನನ್ನನ್ನು ಗೋಡೆಯಾಚೆ ಕರೆದುಕೊಂಡು ಹೋದರು. ಕಪಾಟಿನ ತುಂಬಾ ತೊಟ್ಟಿಗಳು. ಅವರು ಒಂದೊಂದೇ ತೊಟ್ಟಿಯನ್ನು ನೋಡುತ್ತಾ ಬಂದರು. ಆಮೇಲೆ ತಲೆ ಎತ್ತಿ ನೋಡಿದರು. ಗೋಡೆಯ ಮೇಲ್ತುದಿಯಲ್ಲಿ ಒಂದು ಗಾಳಿಕಿಂಡಿ, ಅದರಿಂದ ನಮ್ಮ ಹಾಲಿನ ಬೆಳಕು ನೇರ ತೊಟ್ಟಿಗೆ ಬೀಳುತ್ತಿತ್ತು. ಈ ಮೀನಿಗೆ ಚೆನ್ನಾಗಿ ಕತ್ತಲಾಗಿ, ಆಮೇಲೆ ಬೆಳಗಾದರೆ ಮಾತ್ರ ಮೊಟ್ಟೆ ಇಡುವ ಮನಸ್ಸಾಗುತ್ತದಂತೆ. ನಮ್ಮ ಸಂಜೆ ಬ್ಯಾಚಿನ ದೀಪ ಅವಕ್ಕೆ ಕತ್ತಲಾಗಲು ಬಿಟ್ಟಿರಲಿಲ್ಲ. ಸದ್ದಿನದೇನೂ ಇಲ್ಲ.

ಕಿಂಡಿಗೆ ಕಪ್ಪು ಕಾಗದ ಅಂಟಿಸಿದರು. ಮಾರನೇ ಬೆಳಿಗ್ಗೆ ತೊಟ್ಟಿಯ ತಳದ ತುಂಬಾ ಮೊಟ್ಟೆ.

ಅದು ಬಿಡು. ಆ ಮೇಡಂ ನಮ್ಮ ಕ್ಲಾಸಿಗೆ ಬಂದು, ಎಲ್ಲರ ಎದುರಿಗೆ, ‘ಮೇಷ್ಟ್ರೇ, ನಾನು ಹೇಳಿದ್ದು ತಪ್ಪು. ನಿಮ್ಮ ಯಂತ್ರದಿಂದ ಏನೂ ಆಗಿರ್ಲಿಲ್ಲ’ ಎಂದರು. ಅಕ್ಕಾ, ಪಾಠ ಹೇಳುವವರ ಬಾಯಿಂದ ಆ ಮಾತನ್ನು ನಾನು ಇವತ್ತಿನವರೆಗೆ ಕೇಳಿರಲಿಲ್ಲ. ಮೇಷ್ಟ್ರು ಎಷ್ಟು ಗಾಬರಿಯಾದರೆಂದರೆ ಅವರಿಗೆ ತಮ್ಮ ಕುರ್ಚಿ ಬಿಟ್ಟುಕೊಟ್ಟು ತಾವು ನಿಂತುಬಿಟ್ಟರು.

ಆಮೇಲೆ ನಾನು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ. ಮೊದಲು ಕಂಡದ್ದು ರೆಪ್ಪೆಗೂದಲೇ. ‘ಏನ್ ಕಾಣ್ತಿದೆ?’ ಎಂದರು. ‘ನನ್ನ ರೆಪ್ಪೆ’ ಎಂದೆ. ‘ಸರಿ, ಇನ್ನೂ ಸ್ವಲ್ಪ ಹೊತ್ತು ನೋಡು’ ಎಂದರು. ನೋಡಿದೆ. ಒಂದು ತಿಳಿಯಾದ ಚೆಂಡು, ಅದರ ನೆತ್ತಿಯ ಮೇಲೆ ಪುಟ್ಟ ಗುಬುಟು. ಅಷ್ಟೇ. ಇದರಲ್ಲೇನಿದೆ ಎಂದುಕೊಳ್ಳುವಷ್ಟರಲ್ಲಿ ಆ ಗುಬುಟಿನ ನಡುವೆ ಒಂದು ಗೆರೆ ಮೂಡಿತು. ಯಾರೂ ಮುಟ್ಟಲಿಲ್ಲ. ಗೆರೆ ಆಳವಾಯಿತು, ಒಂದು ಎರಡಾಯಿತು. ಮೇಡಂ ತಂದಿಟ್ಟ ಚಹಾ ಆರುವಷ್ಟರಲ್ಲಿ ಎರಡು ನಾಲ್ಕಾಯಿತು. ನನಗೆ ಕೈಕಾಲು ತಣ್ಣಗಾಯಿತು. ಯಾರೋ ದೊಡ್ಡವರು ಕೋಣೆಯೊಳಗೆ ಬಂದರೆ ಎದ್ದು ನಿಲ್ಲುತ್ತೇವಲ್ಲ, ಹಾಗೆ ಎದ್ದು ನಿಲ್ಲಬೇಕು ಅನ್ನಿಸಿತು. ನಿಂತರೆ ಕಾಣುವುದಿಲ್ಲವಲ್ಲ, ಅದಕ್ಕೆ ಕೂತೇ ಇದ್ದೆ.

ಮೇಷ್ಟ್ರಿಗೆ ಚಕ್ಕರ್ ವಿಷಯ ಹೇಳಿದೆ. ಹೆಚ್ಚುವರಿ ಎರಡು ಪುಟ ಟೈಪ್ ಮಾಡಿಸಿದರು.

ಮೊಂಡಿ


ಸೆಪ್ಟೆಂಬರ್ ೧೮

ಮೊಂಡಿ ಮರಿ,

ನಿನ್ನ ಪತ್ರವನ್ನು ನಾಲ್ಕು ಸಲ ಓದಿದೆ. ನಿನ್ನ ಭಾವನಿಗೂ ಓದಿ ಹೇಳಿದೆ. ಅವರು ಎದ್ದು ಹೊರಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದರು. ನಿನಗೆ ಬೈದಿದ್ದನ್ನು ವಾಪಸು ತೆಗೆದುಕೊಂಡಿದ್ದೇನೆ. ಅಂಚು ಮಾತ್ರ ಇನ್ನೂ ಸೊಟ್ಟ.

ಅದು ಆಮೇಲೆ ಏನಾಗುತ್ತದೆ? ಎದೆ ಯಾವಾಗ ಬಡಿಯಲು ಶುರುವಾಗುತ್ತದೆ? ಸುಮ್ಮನೆ ಕೇಳಿದೆ. ನೋಡಿದ್ದನ್ನೆಲ್ಲ ಬರಿ. ಏನೂ ಬಿಡಬೇಡ.

ಅಕ್ಕ


ಸೆಪ್ಟೆಂಬರ್ ೨೯

ವಿಷಯ: ಎದೆಬಡಿತದ ಕುರಿತು, ಹಾಗೂ ಇನ್ನೊಂದು ವಿಷಯ.

ಅಕ್ಕಾ,

ಏನೂ ಬಿಡಬೇಡ ಎಂದೆಯಲ್ಲ, ಬಿಡುವುದಿಲ್ಲ.

ಮೊಟ್ಟೆ ಇಟ್ಟ ಮಾರನೆಯ ಬೆಳಿಗ್ಗೆಯೇ ಎದೆ ಬಡಿಯಲು ಶುರು. ನಾನು ಅಮ್ಮನಿಗೆ ಹೇಳಿ ಕಾಲೇಜಿನ ಗೇಟು ತೆಗೆಯುವ ಹೊತ್ತಿಗೇ ಹೋಗಿ ಕೂತೆ. ಅಷ್ಟರಲ್ಲಿ ಬಾಲ ಬಂದಿತ್ತು, ಕಣ್ಣಿನ ಜಾಗದಲ್ಲಿ ಎರಡು ಬಟ್ಟಲು ಬಂದಿದ್ದವು. ಎದೆಯ ಜಾಗದಲ್ಲಿ ಒಂದು ಸಣ್ಣ ಕೊಳವೆ, ಅಲ್ಲಾಡದೆ ಇತ್ತು. ನೋಡುತ್ತಾ ಇದ್ದೆ. ಒಂದು ಸಲ ನಡುಗಿತು. ನಿಂತಿತು. ಮತ್ತೆ ಒಮ್ಮೆ ನಡುಗಿತು. ಎರಡು ಸಲ. ಹೊಸದಾಗಿ ಟೈಪ್ ಕಲಿಯುವವರ ಬೆರಳಿನ ಹಾಗೆ ತಡವರಿಸಿತು. ಆಮೇಲೆ ಇದ್ದಕ್ಕಿದ್ದ ಹಾಗೆ ಲಯ ಹಿಡಿಯಿತು ನೋಡು, ಮತ್ತೆ ನಿಲ್ಲಲೇ ಇಲ್ಲ. ಮೇಡಂ ಹೇಳಿದರು, ಆ ಹೊತ್ತಿಗೆ ಹರಿಯುವ ರಕ್ತವೇ ಇರುವುದಿಲ್ಲವಂತೆ. ಕಳಿಸಲು ಏನೂ ಇಲ್ಲದಿರುವಾಗಲೇ ಬಡಿಯಲು ಶುರು ಮಾಡುತ್ತದೆ. ಯಾರಿಗಾಗಿ ಬಡಿಯುತ್ತದೆ ಅಕ್ಕಾ ಅದು? ನಾನು ಕೇಳಿದೆ. ‘ಗೊತ್ತಿಲ್ಲ ಕಣಮ್ಮ, ನನಗೂ ಪ್ರತಿ ಸಲ ಆಶ್ಚರ್ಯವೇ’ ಎಂದರು. ಇಪ್ಪತ್ತು ವರ್ಷದಿಂದ ನೋಡುತ್ತಿದ್ದಾರೆ.

ಎಲ್ಲ ಮೊಟ್ಟೆಯೂ ಹೀಗಾಗುವುದಿಲ್ಲ. ಮೂರರಲ್ಲಿ ಒಂದು ಪಾಲು ಬಿಳಿಯಾಗಿಬಿಡುತ್ತವೆ. ಬಿಳಿಯಾಯಿತೆಂದರೆ ಮುಗಿಯಿತು. ಕೆಲವು ಮೊದಲೇ, ಕೆಲವು ಬಾಲ ಬಂದ ಮೇಲೆ. ಅವನ್ನು ಒಂದೊಂದಾಗಿ ಹೀರಿ ತೆಗೆದು ಸಿಂಕಿಗೆ ಹಾಕುತ್ತಾರೆ, ಇಲ್ಲದಿದ್ದರೆ ಪಕ್ಕದವೂ ಕೆಡುತ್ತವೆ. ಈಗ ನಾನೂ ಆ ಕೆಲಸ ಮಾಡುತ್ತೇನೆ. ಮೊದಲ ದಿನ ಒಂದೊಂದಕ್ಕೂ ಮೇಡಂ ಮುಖ ನೋಡಿದೆ, ಈಗ ಇಲ್ಲ.

ಇನ್ನೊಂದು ವಿಷಯ. ಶಾಲೆ ಬಿಟ್ಟವರಿಗೆ ಈ ಕಾಲೇಜಿನಲ್ಲಿ ಜೀವಶಾಸ್ತ್ರದ ಒಂದು ವರ್ಷದ ಸೇತು ತರಗತಿ ಇದೆ. ಅದು ಮುಗಿಸಿದರೆ ಮುಂದೆ ಜೀವತಂತ್ರಜ್ಞಾನಕ್ಕೆ ಸೇರಬಹುದು. ಜನವರಿಯಲ್ಲಿ ಶುರು. ಮುಂದಿನ ವರ್ಷ ಇರುತ್ತದೋ ಇಲ್ಲವೋ ಹೇಳಲಾಗುವುದಿಲ್ಲ ಎಂದರು ಮೇಡಂ. ನನಗೆ ಅದಕ್ಕೆ ಸೇರಬೇಕು. ನಿನ್ನ ಕಿಟಕಿ ಪಕ್ಕದ ಕುರ್ಚಿಗೂ ಜನವರಿಯಲ್ಲೇ ಬರಬೇಕು. ಎರಡೂ ಆಗುವುದಿಲ್ಲ. ಮುಚ್ಚಿಟ್ಟುಕೊಂಡು ಡಿಸೆಂಬರಿನಲ್ಲಿ ಹೇಳುವುದು ನನ್ನಿಂದಾಗದು, ಅದಕ್ಕೆ ಈಗಲೇ ಬರೆದೆ. ಏನನ್ನುತ್ತೀಯ?

ಮೊಂಡಿ


ಅಕ್ಟೋಬರ್ ೧೭

ಅಕ್ಕಾ,

ನಿನ್ನ ಉತ್ತರ ಬರಲಿಲ್ಲ. ಕೋಪವೆಂದು ಗೊತ್ತು. ಬೈದು ಬರಿ. ಬೈದರೆ ನಾನು ಎದುರು ಮಾತಾಡಬಹುದು, ಸುಮ್ಮನಿದ್ದರೆ ಏನು ಮಾಡಲಿ?

ಮೊಂಡಿ


ನವೆಂಬರ್ ೧

ವಿಷಯ: ಉತ್ತರ ಬಾರದಿರುವ ಕುರಿತು.
ಉಲ್ಲೇಖ: ನನ್ನ ಎರಡು ಪತ್ರ.

ಮಾನ್ಯರೇ,

ಫೋನು ಮಾಡಿದರೆ ಭಾವ ಎತ್ತಿ ‘ಮಲಗಿದ್ದಾಳೆ’ ಎನ್ನುತ್ತಾರೆ. ಸಂಜೆ ನಾಲ್ಕಕ್ಕೆ ಮಲಗುವವಳಲ್ಲ ನೀನು. ಒಂದು ಕುರ್ಚಿಗಾಗಿ ಇಷ್ಟು ಮುನಿಸೇ? ನಾನು ಕೇಳಿದ್ದು ನಿನ್ನ ಅಭಿಪ್ರಾಯವನ್ನು. ಬೇಡ ಎಂದರೆ ಬೇಡ ಎನ್ನು, ಜಗಳವಾಡೋಣ. ಅಮ್ಮ ಡ್ರೈಕ್ಲೀನಿಂಗ್ ಅಂಗಡಿಯ ಕೌಂಟರಿನಲ್ಲಿ ನಿಂತು ಬಂದವರಿಗೆಲ್ಲ, ‘ದೊಡ್ಡವಳು ಮಾತು ಬಿಟ್ಟಿದ್ದಾಳೆ, ಚಿಕ್ಕವಳು ಮೀನು ಹಿಡಿದಿದ್ದಾಳೆ’ ಎಂದು ಹೇಳುತ್ತಿದ್ದಾಳೆ.

ಈ ಪತ್ರದ ಅಂಚು ಅಳೆದು ನೋಡು. ಎಲ್ಲೂ ಸೊಟ್ಟ ಇಲ್ಲ.

ಮೊಂಡಿ


ನವೆಂಬರ್ ೮

ಮೊಂಡಿ,

ಕೋಪವಿಲ್ಲ. ಕುರ್ಚಿಯ ಮಾತು ಆಮೇಲೆ.

ಒಂದೇ ಒಂದು ಕೇಳುತ್ತೇನೆ. ಯಾಕೆ ಎಂದು ಕೇಳಬೇಡ, ನನ್ನ ಆಣೆ. ಆ ಬಿಳಿಯಾದವು ಇವೆಯಲ್ಲ, ಅವು ಯಾಕೆ ಬಿಳಿಯಾದವು? ಯಾರಾದರೂ ಬಟ್ಟಲನ್ನು ಕುಲುಕಿದರಾ? ಅಜಾಗರೂಕತೆಯಿಂದ ಎತ್ತಿ ಇಟ್ಟರಾ? ಸ್ವಲ್ಪ ಎಚ್ಚರ ವಹಿಸಿದ್ದರೆ ಉಳಿಯುತ್ತಿದ್ದವಾ? ನಿನಗೆ ತೋಚಿದ್ದನ್ನು ಬರೆಯಬೇಡ. ಕೇಳಿ ತಿಳಿದುಕೊಂಡು, ನಿಜ ಬರಿ.

ಅಕ್ಕ


ನವೆಂಬರ್ ೨೦

ವಿಷಯ: ಬಿಳಿಯಾದವುಗಳ ಕುರಿತು.

ಅಕ್ಕಾ,

ನಿನ್ನ ಪತ್ರ ಬಂದ ದಿನವೇ ಮೇಡಂ ಹತ್ತಿರ ಹೋಗಿ ಕೇಳಿದೆ. ಅವರು ಹೇಳಿದ್ದು ಇದು: ‘ಕೆಲವಕ್ಕೆ ಜೀವ ಕೂಡಿಯೇ ಇರೋದಿಲ್ಲ. ಇನ್ನು ಕೆಲವಕ್ಕೆ ಮೊದಮೊದಲ ಹಂಚಿಕೆಯಲ್ಲೇ ಲೆಕ್ಕ ತಪ್ಪಿರುತ್ತೆ. ಒಂದು ಎರಡಾಗೋವಾಗ ಎರಡೂ ಕಡೆಗೆ ಸಮ ಪಾಲು ಹೋಗ್ಬೇಕು, ಹೋಗಿರಲ್ಲ. ಆ ತಪ್ಪು ಇಟ್ಕೊಂಡೇ ಎಷ್ಟು ದೂರ ಆಗುತ್ತೋ ಅಷ್ಟು ದೂರ ಬರುತ್ತೆ, ಆಮೇಲೆ ನಿಲ್ಲುತ್ತೆ. ಯಾರೂ ಏನೂ ಮಾಡಿರಲ್ಲ.’

ನಾನು ಬಿಡಲಿಲ್ಲ. ಕುಲುಕಿದರೆ ಎಂದು ಕೇಳಿದೆ. ‘ಸಾಮಾನ್ಯ ಅಲ್ಲಾಟಕ್ಕೆ ಏನೂ ಆಗಲ್ಲ ಅಂತ ನನ್ನ ಅನುಭವ. ನೀನು ನನ್ನ ಮಾತು ನಂಬೋಳಲ್ಲ, ಮಾಡಿ ನೋಡು’ ಎಂದು ಒಂದೇ ಸಲ ಇಟ್ಟ ಮೊಟ್ಟೆಗಳನ್ನು ಎರಡು ಬಟ್ಟಲಿಗೆ ಹಂಚಿಕೊಟ್ಟರು.

ಒಂದು ಬಟ್ಟಲು ಅವರ ಕಪಾಟಿನಲ್ಲಿ. ಇನ್ನೊಂದನ್ನು ನಮ್ಮ ಹಾಲಿಗೆ ತಂದೆ. ಟೈಪಿಂಗ್ ಯಂತ್ರಗಳ ಉದ್ದ ಮೇಜು ನೀನು ನೋಡಿಲ್ಲ, ಕ್ಲಾಸು ಶುರುವಾದರೆ ಅದರ ಮೇಲಿಟ್ಟ ಪೆನ್ನು ತಾನಾಗಿ ನಡೆದು ಹೋಗಿ ಕೆಳಗೆ ಬೀಳುತ್ತದೆ. ಅದರ ಮೇಲೆ ಇಡಬೇಕು ಎಂದೆ. ‘ಇದೇನು ಮೀನು ಮಾರ್ಕೆಟ್ಟೇ?’ ಎಂದರು ಮೇಷ್ಟ್ರು. ಅಕ್ಕನಿಗೆ ತಿಳಿಯಬೇಕಂತೆ ಎಂದೆ. ತಮ್ಮ ರಿಜಿಸ್ಟರ್ ಸರಿಸಿ ಜಾಗ ಮಾಡಿದರು. ಮೂರೂ ಬ್ಯಾಚಿನವರು ಅದರ ಪಕ್ಕದಲ್ಲೇ ಕುಟ್ಟಿದರು. ಬಿಡುವಿನಲ್ಲಿ ಯಾರಾದರೂ ಬಟ್ಟಲಿಗೆ ಬೆರಳಿಟ್ಟರೆ ಮೇಷ್ಟ್ರು, ‘ಏಯ್, ಮುಟ್ಬೇಡ, ಪ್ರಯೋಗ ನಡೀತಿದೆ’ ಎಂದು ಗದರುತ್ತಿದ್ದರು. ಮೂರು ಸಲ ಮೂರು ಬೇರೆ ಬೇರೆ ದಿನದ ಮೊಟ್ಟೆಯಲ್ಲಿ ಮಾಡಿದೆ. ಅದಕ್ಕೇ ಉತ್ತರ ತಡವಾಯಿತು.

ಎರಡು ಬಟ್ಟಲಿನಲ್ಲೂ ಬಿಳಿಯಾದದ್ದು ಹೆಚ್ಚುಕಡಿಮೆ ಒಂದೇ. ಒಂದು ಸಲವಂತೂ ಮೇಜಿನ ಮೇಲಿನ ಬಟ್ಟಲಿನಲ್ಲೇ ಕಡಿಮೆ. ಆ ಕುಟ್ಟಾಟದ ನಡುವೆಯೇ ಎದೆಗಳು ಒಂದೊಂದಾಗಿ ಬಡಿಯಲು ಶುರು ಮಾಡಿದವು ಅಕ್ಕಾ. ಮೇಷ್ಟ್ರು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ನೋಡಿ, ಕನ್ನಡಕ ತೆಗೆದು ಒರೆಸಿಕೊಂಡು, ಮತ್ತೆ ನೋಡಿದರು. ಅವತ್ತು ಯಾರ ಅಂಚನ್ನೂ ಅಳೆಯಲಿಲ್ಲ.

ಇದು ಮೀನಿನ ಮಾತು. ಮೀನಿಗೆ ನಿಜವಾದದ್ದು ಮನುಷ್ಯರಿಗೂ ನಿಜ ಎಂದು ಈ ಬಟ್ಟಲು ನೋಡಿ ನಾನು ಹೇಳಿದರೆ ಅದು ಸುಳ್ಳು. ಅದಕ್ಕೆ ಅದನ್ನೂ ಮೇಡಂ ಹತ್ತಿರ ಕೇಳಿದೆ. ಅವರು ಕೈ ಒರೆಸಿಕೊಂಡು ನನ್ನನ್ನೇ ನೋಡಿ ಹೇಳಿದರು: ‘ಮನುಷ್ಯರಲ್ಲೂ ಬೇಗ ಹೋಗೋವು ಬಹುಪಾಲು ಹೀಗೇ ಹೋಗ್ತವೆ. ಹೊತ್ತವಳು ನಡೆದಿದ್ದಕ್ಕೆ, ಎತ್ತಿದ್ದಕ್ಕೆ ಅಲ್ಲ. ಎಲ್ಲಾ ಸಲವೂ ಅಂತ ನಾನು ಹೇಳಲ್ಲ. ಯಾರಿಗೆ ಬೇಕೋ ಅವರು ತಮ್ಮ ಡಾಕ್ಟರನ್ನ ಧೈರ್ಯವಾಗಿ ಕೇಳ್ಲಿ.’

ಯಾಕೆ ಎಂದು ಕೇಳಬೇಡ ಎಂದಿದ್ದೀಯ. ಕೇಳುವುದಿಲ್ಲ. ಬೇರೆ ಒಂದು ಕೇಳುತ್ತೇನೆ. ಆ ಎರಡು ಸಲದ ಜ್ವರ, ಅದು ಜ್ವರವೇ ಆಗಿತ್ತಾ ಅಕ್ಕಾ?

ಸಿಂಕಿನ ವಿಷಯ ಬರೆದೆನಲ್ಲ. ನಿಜವೇ ಬರೆದೆ. ಆದರೆ ಆ ದಿನ ನಿನ್ನ ಪಕ್ಕದಲ್ಲಿ ಕೂತಿದ್ದರೆ ಆ ಮಾತನ್ನು ಹಾಗೆ ಹೇಳುತ್ತಿರಲಿಲ್ಲ.

ಮೊಂಡಿ


ಡಿಸೆಂಬರ್ ೩

ಪುಟ್ಟಾ,

ಜ್ವರ ಅಲ್ಲ.

ಎರಡು ಸಲವೂ ಅಲ್ಲ. ಮೊದಲನೇ ಸಲ ಮೇಲಿನ ಮಹಡಿಯಿಂದ ಕಡತದ ಪೆಟ್ಟಿಗೆ ನಾನೇ ಹೊತ್ತು ತಂದಿದ್ದೆ. ಎರಡನೇ ಸಲ ಬಸ್ಸು ಹಿಡಿಯಲು ಓಡಿದ್ದೆ. ನಿನ್ನ ಭಾವ ಒಂದು ದಿನವೂ ಒಂದು ಮಾತು ಅನ್ನಲಿಲ್ಲ. ಅವರು ಅನ್ನದೆ ಇದ್ದದ್ದೇ ನನಗೆ ಅಂದ ಹಾಗೆ ಕೇಳಿಸುತ್ತಿತ್ತು. ಅಮ್ಮನಿಗೆ ಹೇಳಲಿಲ್ಲ. ಅಮ್ಮನಿಗೆ ಹೇಳಿದರೆ ನಡೆದದ್ದು ನಿಜವಾಗಿಬಿಡುತ್ತದೆ ಅನ್ನಿಸುತ್ತಿತ್ತು.

ಈಗ ಆರನೇ ತಿಂಗಳು. ಖಾಲಿಯಾಗುವ ಕುರ್ಚಿ ನನ್ನದೇ. ಈ ಸಲ ಅಷ್ಟು ದೂರ ಬರುತ್ತೇನೆಂದು ಬಾಯಿ ಬಿಟ್ಟು ಹೇಳಲು ಧೈರ್ಯವಿರಲಿಲ್ಲ, ನಿನ್ನ ಹೆಸರಿನಲ್ಲಿ ಕುರ್ಚಿ ಕಾಯ್ದಿರಿಸಿದೆ.

ನಿನ್ನ ಸೆಪ್ಟೆಂಬರಿನ ಪತ್ರ ಬಂದಾಗ, ಅರ್ಧ ಓದಿ ಕುಣಿಯುವ ಹಾಗಾಯಿತು, ಉಳಿದರ್ಧ ಓದಿ ಹಾಸಿಗೆ ಹಿಡಿದೆ. ನಿನ್ನ ತಪ್ಪಲ್ಲ. ಏನೂ ಬಿಡಬೇಡ ಎಂದವಳು ನಾನೇ. ಇಡೀ ತಿಂಗಳು ಗೋಡೆ ಹಿಡಿದುಕೊಂಡು ನಡೆದಿದ್ದೇನೆ, ಎಲ್ಲಿ ಕುಲುಕುತ್ತೇನೋ ಎಂದು.

ನೀನು ಬಟ್ಟಲನ್ನು ಆ ಮೇಜಿನ ಮೇಲಿಟ್ಟೆಯಲ್ಲ, ಅದನ್ನು ಓದಿದ ಮೇಲೆ ಡಾಕ್ಟರನ್ನು ಕೇಳಿದೆ. ಪೆಟ್ಟಿಗೆಯ ವಿಷಯ, ಬಸ್ಸಿನ ವಿಷಯ, ಎಲ್ಲ. ಅವರು ಪೆನ್ನು ಕೆಳಗಿಟ್ಟು, ‘ಇಷ್ಟು ವರ್ಷ ಇದನ್ನ ಹೊತ್ಕೊಂಡು ತಿರುಗ್ತಿದ್ರಾ? ಪೆಟ್ಟಿಗೆ ಅವತ್ತೇ ಇಳಿಸಿದ್ರಿ, ಇದನ್ನ ಯಾಕೆ ಇಳಿಸ್ಲಿಲ್ಲ?’ ಎಂದರು. ನಿನ್ನ ಭಾವ ಪಕ್ಕದಲ್ಲೇ ಇದ್ದರು. ಮನೆಗೆ ಬಂದು ನಾವಿಬ್ಬರೂ ಜೋರಾಗಿ ಅತ್ತೆವು. ನೆರೆಯವರು ಬಂದು ವಿಚಾರಿಸಿಕೊಂಡು ಹೋದರು.

ಇನ್ನೊಂದು ಹೇಳಬೇಕು. ಇದುವರೆಗಿನ ಎಲ್ಲ ಸ್ಕ್ಯಾನಿನಲ್ಲೂ ನಾನು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದೆ. ಮೊದಲ ಸಲ ಪರದೆಯ ಮೇಲೆ ನೋಡಿದ್ದೆ, ಆಮೇಲೆ ಹೋಯಿತು. ನೋಡಿದ್ದಕ್ಕೇ ಹೋಯಿತು ಎಂದು ತಲೆಯಲ್ಲಿ ಕೂತಿತ್ತು. ಮೊನ್ನೆ ಮುಖ ತಿರುಗಿಸಿದೆ. ಬೂದು ಬಣ್ಣದ ಗಲಿಬಿಲಿ, ಅದರ ನಡುವೆ ಅದು. ನೀನು ಬರೆದಿದ್ದೆಯಲ್ಲ, ಎದ್ದು ನಿಲ್ಲಬೇಕು ಅನ್ನಿಸಿತು ಎಂದು. ನನಗೂ ಹಾಗೇ ಆಯಿತು, ಮಲಗಿದ್ದೆನಲ್ಲ, ಎರಡು ಕೈಯನ್ನೂ ಎತ್ತಿ ಮುಗಿದುಬಿಟ್ಟೆ. ಯಂತ್ರ ಹಿಡಿದಿದ್ದ ಹುಡುಗಿ, ‘ನನಗ್ಯಾಕೆ ಮೇಡಂ?’ ಎಂದು ಗಾಬರಿಯಾದಳು.

ಎಲ್ಲರೂ ಎಲ್ಲ ಸರಿಹೋಗುತ್ತದೆ ಎನ್ನುತ್ತಾರೆ. ಆ ಮಾತು ಕೇಳಿದರೇ ಭಯವಾಗುತ್ತದೆ. ನೀನು ಸುಳ್ಳು ಹೇಳುವವಳಲ್ಲ. ಅದಕ್ಕೆ ನಿನ್ನನ್ನು ಕೇಳುತ್ತೇನೆ. ಇದು ಉಳಿಯುತ್ತದಾ?

ಅಕ್ಕ


ಡಿಸೆಂಬರ್ ೧೨

ಅಕ್ಕಾ,

ಇವತ್ತು ವಿಷಯ ಎಂದು ಮೇಲೆ ಬರೆಯಲಿಲ್ಲ. ಕೈಯಲ್ಲೇ ಬರೆಯುತ್ತಿದ್ದೇನೆ. ಅಂಚು ಹೇಗಾದರೂ ಇರಲಿ.

ಗೊತ್ತಿಲ್ಲ ಅಕ್ಕಾ.

ಉಳಿಯುತ್ತದೆ ಎಂದು ಮೂರು ಸಲ ಬರೆದೆ, ಮೂರು ಸಲ ಹರಿದೆ. ಎಷ್ಟು ಆಸೆಯಿದ್ದರೂ ಗೊತ್ತಿಲ್ಲದ್ದನ್ನು ಗೊತ್ತು ಎಂದು ನಿನಗೆ ಬರೆಯಲಾರೆ. ಗೊತ್ತಿರುವುದು ಇಷ್ಟು: ನೀನು ನೋಡಿದ ಹೊತ್ತಿನಲ್ಲಿ ಅದು ಬಡಿಯುತ್ತಿತ್ತು. ಒಂದು ಎರಡಾಗಿ, ಎರಡು ನಾಲ್ಕಾಗಿ, ಯಾರೂ ಕೈ ಹಾಕದೆ, ಅಷ್ಟೊಂದು ಹಂಚಿಕೆ ದಾಟಿಕೊಂಡು ಆರನೇ ತಿಂಗಳ ತನಕ ಬಂದಿದೆ. ನಾನು ನಾಲ್ಕಾಗುವುದನ್ನು ನೋಡಿಯೇ ತಣ್ಣಗಾದವಳು. ನಿನ್ನೊಳಗೆ ಈಗ ಎಷ್ಟಾಗಿರಬಹುದು ಎಂದು ಯೋಚಿಸಲು ಹೋಗಿ ಬಸ್ಸಿನಲ್ಲಿ ನನ್ನ ಸ್ಟಾಪು ದಾಟಿ ಹೋದೆ.

ಕುರ್ಚಿಯ ವಿಷಯ. ಸಂತೋಷವಾಗಿ ಬಂದು ಕೂರುತ್ತೇನೆ ಎಂದೂ ಬರೆಯಲಾರೆ. ನಿನಗೆ ಬೇಕು ಎಂದರೆ ಬರುತ್ತೇನೆ, ಸಂತೋಷವಾಗಿ ಅಲ್ಲ. ನಿನ್ನ ಹತ್ತಿರ ಬರಬೇಕು ಎನ್ನುವುದು ಬೇರೆ, ಆ ಕುರ್ಚಿಯಲ್ಲಿ ಕೂರಬೇಕು ಎನ್ನುವುದು ಬೇರೆ. ನನ್ನ ಪಕ್ಕದ ಯಂತ್ರದವಳು ಒಬ್ಬಳಿದ್ದಾಳೆ. ಎರಡು ಮಕ್ಕಳ ತಾಯಿ, ನನಗಿಂತ ಎರಡು ಪಟ್ಟು ವೇಗ, ಅಂಚು ಕತ್ತರಿಸಿಟ್ಟ ಹಾಗೆ. ನಿಮ್ಮೂರಿನಲ್ಲೇ ಅವಳ ತವರು. ಕೆಲಸ ಹುಡುಕುತ್ತಿದ್ದಾಳೆ. ನಂಬಬಹುದಾ ಎಂದು ಕೇಳಿದರೆ ನಂಬಬಹುದು. ನನಗೆ ಎರಡು ಸಲ ಬೈದಿದ್ದಾಳೆ, ಎರಡು ಸಲವೂ ತಪ್ಪು ನನ್ನದೇ ಇತ್ತು. ಆದರೆ ನಿರ್ಧಾರ ನಿನ್ನದು. ನೀನು ಬಾ ಎಂದರೆ ಮೇಡಂಗೆ ಬರುವುದಿಲ್ಲ ಎಂದು ನಾಳೆಯೇ ಹೇಳುತ್ತೇನೆ.

ಅಮ್ಮನಿಗೆ ನೀನೇ ಹೇಳು, ಬೇಗ ಹೇಳು. ಅವಳು ಕೇಳಿದರೆ ನಾನು ಮುಚ್ಚಿಡುವುದಿಲ್ಲ. ನನ್ನ ಮುಖ ನೋಡಿ ಈಗಾಗಲೇ ಎರಡು ಸಲ, ‘ಏನೇ ನುಂಗಿದ್ದೀಯ?’ ಎಂದಿದ್ದಾಳೆ.

ಮೊಂಡಿ


ಡಿಸೆಂಬರ್ ೨೦

ಮೊಂಡಿ,

ಅಮ್ಮನಿಗೆ ಹೇಳಿದೆ. ಫೋನಿನಲ್ಲಿ ಮೊದಲು ಬೈದಳು, ಆಮೇಲೆ ಅತ್ತಳು, ಆಮೇಲೆ ಮತ್ತೆ ಬೈದಳು. ಫೆಬ್ರವರಿಗೆ ಬರುತ್ತಾಳಂತೆ.

ನಿನ್ನ ಪಕ್ಕದ ಯಂತ್ರದವಳನ್ನು ಕಳಿಸು. ಮ್ಯಾನೇಜರ್ ಒಪ್ಪಿದ್ದಾರೆ. ನಿನ್ನ ಸೊಟ್ಟ ಅಂಚನ್ನು ಇನ್ನು ಮೀನಿನ ಮೇಡಂ ಸಹಿಸಿಕೊಳ್ಳಲಿ.

ಗೊತ್ತಿಲ್ಲ ಎಂದೆಯಲ್ಲ, ಆ ಪತ್ರ ದಿಂಬಿನ ಕೆಳಗಿದೆ. ಅವತ್ತು ಬಹಳ ದಿನದ ಮೇಲೆ ಚೆನ್ನಾಗಿ ನಿದ್ದೆ ಮಾಡಿದೆ.

ಅಕ್ಕ


ಜನವರಿ ೨೧

ವಿಷಯ: ಈರುಳ್ಳಿ ಸಿಪ್ಪೆಯ ಕುರಿತು.

ಅಕ್ಕಾ,

ಟೈಪಿಂಗ್ ಪರೀಕ್ಷೆ ಪಾಸು. ‘ಮೀನು ನೋಡಿದ ಬೆರಳು, ಆದ್ರೂ ತಪ್ಪಿಲ್ಲ’ ಎಂದರು ಮೇಷ್ಟ್ರು.

ಸೇತು ತರಗತಿಯ ಮೊದಲ ಪ್ರಾಯೋಗಿಕ ಏನು ಹೇಳು? ಅದೇ. ಈರುಳ್ಳಿ ಸಿಪ್ಪೆ. ನನಗೆ ಹಳೆಯ ಸಿಟ್ಟೆಲ್ಲ ಮತ್ತೆ ಬಂತು. ಕಣ್ಣಿಟ್ಟೆ. ಒಂದು ಗಾಳಿಗುಳ್ಳೆ. ಇನ್ನೂ ನೋಡಿದೆ. ಅದರ ಪಕ್ಕದಲ್ಲಿ ಕೋಣೆ, ಕೋಣೆಯ ಪಕ್ಕ ಕೋಣೆ, ಒಂದೊಂದರಲ್ಲೂ ಒಂದೊಂದು ಚುಕ್ಕೆ. ಎಷ್ಟು ದೂರ ಸರಿಸಿದರೂ ಕೋಣೆಗಳೇ. ದಿನಾ ಅಡುಗೆಮನೆಯಲ್ಲಿ ಬುಟ್ಟಿಗೆ ಎಸೆಯುವುದರಲ್ಲಿ ಇಷ್ಟು ದೊಡ್ಡ ಊರಿತ್ತು. ಕೋಣೆಗಳನ್ನು ಬರೆದೆ, ಗುಳ್ಳೆಯನ್ನೂ ಬರೆದೆ. ಮೇಡಂ ಬಂದು ಗುಳ್ಳೆಯ ಮೇಲೆ ಬೆರಳಿಟ್ಟರು. ನಾನು ಹೊರಗೆ ನಿಲ್ಲಲು ತಯಾರಾದೆ. ‘ಇದು ಗಾಳಿಗುಳ್ಳೆ. ಹಾಗಂತ ಪಕ್ಕದಲ್ಲಿ ಬರಿ. ನೋಡಿದ್ದನ್ನ ಬಿಡ್ಬಾರ್ದು’ ಎಂದು ಮುಂದೆ ಹೋದರು.

ನೀನು ಹೇಗಿದ್ದೀಯ? ನಿಜ ಬರಿ.

ಮೊಂಡಿ


ಮಾರ್ಚ್ ೬

ವಿಷಯ: ಹೊಸಬರು ಕರ್ತವ್ಯಕ್ಕೆ ಹಾಜರಾದ ಕುರಿತು.
ಉಲ್ಲೇಖ: ನಿನ್ನ ‘ಗೊತ್ತಿಲ್ಲ’.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಿಳಿಸುವುದೇನೆಂದರೆ, ಸದರಿ ಹೊಸಬಳು ನಿನ್ನೆ ಬೆಳಿಗ್ಗೆ ಹಾಜರಾಗಿದ್ದಾಳೆ. ನಿಗದಿತ ದಿನಕ್ಕಿಂತ ಸ್ವಲ್ಪ ಮೊದಲೇ. ಹಾಜರಾದ ಕ್ಷಣದಿಂದ ಕಟ್ಟಡ ಕಿತ್ತುಹೋಗುವ ಹಾಗೆ ಕೂಗುತ್ತಿದ್ದಾಳೆ. ‘ಚಿಕ್ಕಮ್ಮನ ಬಾಯಿ’ ಎಂದು ಅಮ್ಮ ತೀರ್ಪು ಕೊಟ್ಟಾಗಿದೆ. ನಿನ್ನ ಭಾವ ಅವಳನ್ನು ಎತ್ತಿಕೊಂಡು ಕುರ್ಚಿಯಲ್ಲಿ ಅಲ್ಲಾಡದೆ ಕೂತಿದ್ದಾರೆ. ‘ಸ್ವಲ್ಪ ಕುಲುಕಿದ್ರೆ ಏನೂ ಆಗಲ್ಲ, ಪ್ರಯೋಗ ಆಗಿದೆ’ ಎಂದು ನಾನೇ ಧೈರ್ಯ ಹೇಳಬೇಕಾಯಿತು.

ಈಗ ನನ್ನ ಎದೆಯ ಮೇಲೆ ಮಲಗಿದ್ದಾಳೆ, ಅದಕ್ಕೇ ಅಕ್ಷರ ಸೊಟ್ಟ. ಅವಳ ಬೆನ್ನಿನ ಮೇಲೆ ಅಂಗೈ ಇಟ್ಟಿದ್ದೇನೆ. ಅಲ್ಲಿ ಬಡಿಯುತ್ತಿರುವುದು ನನಗೆ ಗೊತ್ತಾಗುತ್ತಿದೆ ಪುಟ್ಟಾ. ಬಹಳ ಬೇಗ ಬೇಗ ಬಡಿಯುತ್ತದೆ. ನೋಡುತ್ತಲೇ ಇದ್ದೇನೆ, ಬೇರೇನೂ ಮಾಡಲು ಆಗುತ್ತಿಲ್ಲ.

ಹೇಗಿದ್ದಾಳೆ ಎಂದು ಕೇಳಬೇಡ. ನಾನು ಹೇಳಿದರೆ ಉತ್ಪ್ರೇಕ್ಷೆಯಾಗುತ್ತದೆ, ಅಮ್ಮ ಹೇಳಿದರೆ ಸುಳ್ಳೇ ಆಗುತ್ತದೆ. ಕಾಲೇಜಿಗೆ ರಜ ಬಿಟ್ಟ ದಿನ ಹೊರಟು ಬಾ. ಪೆನ್ಸಿಲ್ ತಾ. ಇವಳ ಮುಂದೆ ಕೂತು, ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನೋಡು. ನೋಡಿದ್ದನ್ನೇ ಬರಿ.

ಅಕ್ಕ